ಹಿಂದಿನಿಂದ ಬಂದ ಹೊಳೆ

ಕಳೆದ ತಿಂಗಳು ತರಕಾರಿಗೆಂದು ಲಂಡನ್ನಿನ ವೆಂಬ್ಲಿಯ ಈಲಿಂಗ್ ರೋಡಿಗೆ ಹೋಗಿದ್ದೆ. ಒಂದು ಗುಜರಾತಿ ಅಂಗಡಿಯ ಮುಂದೆ ಬಿದಿರಿನ ಪುಟ್ಟ ಮೊರಗಳನ್ನು ಪೇರಿಸಿಟ್ಟಿದ್ದರು, ಯಾರ ಯಾವ ಶಾಸ್ತ್ರಕ್ಕೋ. ಪಕ್ಕದಲ್ಲೇ ಹಸಿ ಅರಿಸಿನದ ಕೊಂಬಿನ ಪೆಟ್ಟಿಗೆ. ಅಂಗಡಿಯವನು ಒಳಗೆಳೆದುಕೊಳ್ಳುವಷ್ಟರಲ್ಲಿ ಮಳೆ ಬಂದು ಎರಡೂ ನೆನೆದಿದ್ದವು. ಒದ್ದೆ ಬಿದಿರು, ಒದ್ದೆ ಅರಿಸಿನ... ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಗಕ್ಕನೆ ಹಿಂದಕ್ಕೆ ತಿರುಗಿ ನೆಲ ನೋಡಿದೆ. ಫುಟ್‌ಪಾತ್ ಇದ್ದಲ್ಲೇ ಇತ್ತು. ಇಷ್ಟು ವರ್ಷವಾದರೂ ಈ ಅಭ್ಯಾಸ ನನ್ನನ್ನು ಬಿಟ್ಟಿಲ್ಲ.

ಆ ವಾಸನೆ ಅಲ್ಲೇ ಹತ್ತಿರದ ಪಿನ್ನರಿನ ನಮ್ಮ ಪಕ್ಕದ ಮನೆಯ ಅಕ್ಕನದು. ತೊಂಬತ್ತರ ದಶಕದ ಮೊದಲಿಗೆ, ಮದುವೆಯಾದ ಹೊಸತರಲ್ಲಿ, ನಾನು ಧಾರವಾಡದಿಂದ ಅಲ್ಲಿಗೆ ಬಂದಾಗ ಬಾಯ್ಲರ್ ಹಚ್ಚುವುದು, ಕಸ ಯಾವ ದಿನ ಹೊರಗಿಡುವುದು, ಜಿಪಿ ಎಂಬ ಬಡಾವಣೆ ಡಾಕ್ಟರ ರಿಸೆಪ್ಶನಿಸ್ಟ್ ಜೊತೆ ದಬಾಯಿಸಿ ಮಾತಾಡುವುದು, ಎಲ್ಲ ಹೇಳಿಕೊಟ್ಟವರು ಅವರು. ನನ್ನ ಗಂಡನಂತೆ ಅವರ ಯಜಮಾನರೂ ಆಸ್ಪತ್ರೆಯ ಡಾಕ್ಟರು, ವಯಸ್ಸಿನಲ್ಲಿ ಹಿರಿಯರು. ನಾನು ಅವರನ್ನು ಭಾವ ಎನ್ನುತ್ತಿದ್ದೆ. ಒಬ್ಬಳೇ ಮಗಳು, ಆಗ ಆರೇಳು ವರ್ಷದವಳು. ಅಕ್ಕ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳದು ಇಂಗ್ಲಿಷಿನಲ್ಲೇ ಉತ್ತರ. ಮೊದಲ ಗೌರಿ ಹಬ್ಬಕ್ಕೆ ತವರು ನೆನೆದು ನಾನು ಮಂಕಾಗಿ ಕೂತಿದ್ದಾಗ ಅಕ್ಕ ಬಂದು ನನ್ನ ಮಡಿಲಿಗೆ ಮೊರದ ಬಾಗಿನ ಇಟ್ಟಿದ್ದರು. ಆಮೇಲೆ ಪ್ರತಿ ವರ್ಷವೂ ಇಟ್ಟರು.

ಅಕ್ಕನಿಗೆ ಹೆದರಿಕೆ ಒಂದೆರಡಲ್ಲ. ಲಿಫ್ಟ್ ಎಂದರೆ ಹೆದರಿಕೆ, ಟ್ಯೂಬ್ ಎಂಬ ನೆಲದಡಿಯ ರೈಲಿನ ಎಸ್ಕಲೇಟರ್ ಎಂದರೆ ಹೆದರಿಕೆ, ಎದುರು ಮನೆಯ ಮುದಿ ನಾಯಿ ಕೆಮ್ಮಿದರೂ ಹೆದರಿಕೆ. ನೀರೊಂದಕ್ಕೆ ಮಾತ್ರ ಹೆದರುತ್ತಿರಲಿಲ್ಲ. ತವರು ಶ್ರೀರಂಗಪಟ್ಟಣ, ಮನೆಯಿಂದ ನಾಲ್ಕು ಹೆಜ್ಜೆಗೆ ಕಾವೇರಿ. ನನ್ನದು ಇದಕ್ಕೆ ತದ್ವಿರುದ್ಧ. ನಾನು ಬೆಳೆದ ಓಣಿಯಲ್ಲಿ ನೀರು ಎಂದರೆ ನಲ್ಲಿಯಲ್ಲಿ ಬರುವುದು, ಅದೂ ಬಂದರೆ. ಹರಿಯುವ ನೀರನ್ನು ಕಂಡರೆ ನಾನು ಇಂದಿಗೂ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಭಾವ ಒಂದು ಹಳೆಯ ಕ್ಯಾರವಾನ್, ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ, ಕೊಂಡಿದ್ದರು. ಪಿನ್ನರಿನಂಥ ಮರ್ಯಾದಸ್ಥ ಬೀದಿಯಲ್ಲಿ ಅದು ಮನೆ ಮುಂದೆ ನಿಂತಾಗ ಆಚೀಚೆಯ ಕಿಟಕಿಗಳ ಪರದೆ ಅಲುಗಾಡಿದ್ದು ನನಗೆ ನೆನಪಿದೆ. ಹೋಟೆಲಿನ ಸಪ್ಪೆ ಊಟ ತಪ್ಪುತ್ತದೆ, ಹೋದ ಕಡೆ ಕುಕ್ಕರ್ ಕೂಗಿಸಬಹುದು ಎಂಬುದು ಅವರ ಲೆಕ್ಕಾಚಾರ. ಆ ಅಕ್ಟೋಬರಿನಲ್ಲಿ ಶಾಲೆಗೆ ರಜ ಬಂತು. ಆ ವರ್ಷ ಅವರಿಗೆ ಊರಿಗೆ ಹೋಗಲಾಗಿರಲಿಲ್ಲ, ಅಕ್ಕ ಸಪ್ಪಗಿದ್ದರು. ಭಾವ ಕ್ಯಾರವಾನಿಗೆ ಕಾರು ಕಟ್ಟಿ ಅಕ್ಕ, ಮಗಳು, ನಾನು ಮೂವರನ್ನೂ ಲಂಡನ್ನಿನ ಪಶ್ಚಿಮದ ಅಂಚಿನ ಒಂದು ಹಳ್ಳಿಗೆ ಕರೆದೊಯ್ದರು. ಒಂದು ಚರ್ಚು, ಒಂದು ಪಬ್ಬು, ಬೆರಳೆಣಿಕೆಯ ಮನೆಗಳು. ಹೊಳೆದಂಡೆಯ ಹುಲ್ಲುಗಾವಲಿನಲ್ಲಿ ಕ್ಯಾರವಾನ್ ನಿಲ್ಲಿಸಲು ಜಾಗ. ಭಾವನಿಗೆ ಡ್ಯೂಟಿ ಇತ್ತು, ನಮ್ಮನ್ನು ಬಿಟ್ಟು ಕಾರು ತಿರುಗಿಸಿಕೊಂಡು ಹೋದರು. ಮಾರನೆಯ ದಿನ ಸಂಜೆ ನನ್ನ ಗಂಡನನ್ನೂ ಕರೆತರುವುದೆಂದು ಮಾತಾಗಿತ್ತು.

ಆಗಲೇ ವಾರದಿಂದ ಮಳೆ ಹಿಡಿದಿತ್ತು. ಕ್ಯಾರವಾನಿನ ತಗಡಿನ ಮೇಲೆ ಅದು ಬೀಳುವ ಸದ್ದಿಗೆ ನಮ್ಮ ಮಾತು ನಮಗೇ ಕೇಳುತ್ತಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಮಳೆ ನಿಂತಿತು. ಹೊಲದ ಯಜಮಾನ ಬಂದು, ಹೊಳೆ ಏರುತ್ತಿದೆ, ಎಲ್ಲ ಕ್ಯಾರವಾನುಗಳನ್ನೂ ಟ್ರ್ಯಾಕ್ಟರಿನಿಂದ ಚರ್ಚಿನ ದಿಬ್ಬಕ್ಕೆ ಎಳೆದು ಹಾಕುತ್ತೇನೆ, ಸಾಮಾನು ಕಟ್ಟಿಕೊಂಡಿರಿ ಎಂದ. ನಮ್ಮದು ಕೊನೆಯದು. ಪಕ್ಕದ ಕ್ಯಾರವಾನಿನ ಇಂಗ್ಲಿಷ್ ಅಜ್ಜಿ ಆಗಲೇ ತನ್ನ ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ತಯಾರಾಗಿದ್ದಳು. ನಾನು ಪಾತ್ರೆ ತೊಳೆಯದೆಯೇ ಚೀಲಕ್ಕೆ ತುಂಬತೊಡಗಿದೆ.

ಅಕ್ಕ ಕಿಟಕಿಯಿಂದ ಹೊಳೆಯನ್ನೇ ನೋಡುತ್ತಿದ್ದರು. ಅಷ್ಟು ದಿನ ಕಾಣದ ಕಳೆ ಅವರ ಮುಖದಲ್ಲಿತ್ತು.

“ತುಲಾ ಮಾಸ ಕಣೇ, ಕಾವೇರಿ ತಿಂಗಳು,” ಅಂದರು. “ಊರಿಗೆ ನಾ ಹೋಗ್ಲಿಲ್ಲ ಅಂತ ಅವಳೇ ಬಂದಿದಾಳೆ ನೋಡು. ತುಂಬಿದ ಹೊಳೆ ನೋಡಿ ಬರಿಗೈಲಿ ಹೋಗೋದು ಹ್ಯಾಗೆ?”

ಕಾವೇರಿಗೆಂದು ತೆಗೆದಿಟ್ಟಿದ್ದ ಒಂದು ಜೊತೆ ಮೊರವನ್ನು, ಹೊಳೆದಂಡೆಗೆ ಹೋಗುವುದೆಂದು ಕೇಳಿ, ಅವರು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಅರಿಸಿನ ಬಳಿದ ಮೊರದೊಳಗೆ ಅಕ್ಕಿ, ಬೆಲ್ಲ, ಬಳೆ, ಬಿಚ್ಚೋಲೆ, ಪುಟ್ಟ ಕನ್ನಡಿ, ಕುಪ್ಪಸದ ಕಣ, ತೆಂಗಿನಕಾಯಿ. ಇನ್ನೊಂದು ಮೊರ ಮುಚ್ಚಿ ದಾರ ಸುತ್ತಿದರು. ಉಕ್ಕುವ ಹೊಳೆ ಎಂದರೆ ಓಡಬೇಕೆಂದು ಆ ಊರಿನವರಿಗೆ ತೋಚಿದರೆ, ಬಾಗಿನ ಕೊಡಬೇಕೆಂದು ತೋಚುವುದು ನಮ್ಮವರಿಗೆ ಮಾತ್ರ. “ಬ್ಯಾಡ್ರಿ ಅಕ್ಕಾ, ನೀರು ಏರ್ಲಿಕ್ಕತ್ತದ,” ಎಂದೆ. ಅವರು ರೇಷ್ಮೆ ಸೀರೆಯ ಕೆಳಗೆ ಮೊಣಕಾಲುದ್ದದ ರಬ್ಬರಿನ ವೆಲ್ಲಿಂಗ್ಟನ್ ಬೂಟು ಹಾಕಿಕೊಂಡು ಮಗಳ ಕೈ ಹಿಡಿದು ಇಳಿದೇಬಿಟ್ಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹಿಂದೆ ಹೋದೆ.

ಹೊಳೆಯ ದಂಡೆ ಹುಲ್ಲುಗಾವಲಿಗಿಂತ ಎತ್ತರದಲ್ಲಿತ್ತು, ಒಡ್ಡಿನ ಹಾಗೆ. ಅದರ ಮೇಲೆ ಒಂದು ಬೋಳು ಮರ. ಕೆಳಗೆ ಕಂದು ನೀರು, ಸದ್ದೇ ಇಲ್ಲದೆ, ಬಹಳ ವೇಗವಾಗಿ ಹೋಗುತ್ತಿತ್ತು. ನಾನು ಮರಕ್ಕೆ ಒತ್ತಿ ನಿಂತೆ. ಅಕ್ಕ ಕುಂಕುಮ ಹಾಕಿ, ಕಣ್ಣು ಮುಚ್ಚಿ, ಏನೇನೋ ಬೇಡಿಕೊಂಡು, ಬಾಗಿ ಬಾಗಿನವನ್ನು ನೀರಿಗೆ ಬಿಟ್ಟರು. ಅದು ಒಮ್ಮೆ ಗಿರಕಿ ಹೊಡೆದು ಸರಸರನೆ ಸಾಗಿತು. ನಾವಿಬ್ಬರೂ ಕೈ ಮುಗಿದೆವು. ಮಗು ಮುಗಿಯಲಿಲ್ಲ, ಅದು ಬೆನ್ನು ತಿರುಗಿಸಿ ನಿಂತಿತ್ತು.

“ಅಮ್ಮಾ,” ಎಂದಳು, “ವೇರ್ ಈಸ್ ದ ಗ್ರಾಸ್?”

ತಿರುಗಿದೆ. ಹುಲ್ಲು ಇರಲಿಲ್ಲ. ನಾವು ನಡೆದು ಬಂದ ಹುಲ್ಲುಗಾವಲಿನ ತುಂಬ ನೀರು. ಕೆಳಗೆಲ್ಲೋ ದನ ನೀರಿಗಿಳಿಯುವ ಕಡೆ ದಂಡೆ ತಗ್ಗಾಗಿತ್ತಂತೆ, ಹೊಳೆ ಅಲ್ಲಿಂದ ಒಳನುಗ್ಗಿತ್ತು. ನಾವು ಮುಂದಿನ ನೀರಿಗೆ ಕೈ ಮುಗಿಯುತ್ತಿದ್ದಾಗ ಅದು ಹಿಂದಿನಿಂದ ಬಂದು ಸೇರಿಕೊಂಡಿತ್ತು. ನಮ್ಮ ಕ್ಯಾರವಾನ್ ನೀರಿನ ನಡುವೆ ನಿಂತಿತ್ತು. ಅಜ್ಜಿಯದು ಇರಲಿಲ್ಲ, ಎಳೆದೊಯ್ದಾಗಿತ್ತು. ಯಾರೂ ಕಾಣಲಿಲ್ಲ.

ಅಕ್ಕ ಸೀರೆ ಎತ್ತಿಕಟ್ಟಿ ಇಳಿಯಲು ನೋಡಿದರು. ಒಂದು ಕಾಲಿಟ್ಟದ್ದೇ ತೊಡೆಯವರೆಗೆ ಮುಳುಗಿ, ಬೂಟಿನೊಳಗೆ ನೀರು ತುಂಬಿ, ವಾಲಿದರು. ನಾನು ತೋಳು ಹಿಡಿದು ಎಳೆದುಕೊಂಡೆ. ಮಗುವನ್ನು ಮರಕ್ಕೆ ಒರಗಿಸಿ ನಾವಿಬ್ಬರೂ ಆಚೀಚೆ ಒತ್ತಿ ನಿಂತೆವು. ಕೂಗಿದೆವು. ದೂರದಲ್ಲಿ ಟ್ರ್ಯಾಕ್ಟರ್ ಗುಡುಗುತ್ತಿತ್ತು, ನಮ್ಮ ಕೂಗು ಯಾರಿಗೆ ಕೇಳಬೇಕು? ಬೆಳಕು ಇಳಿಯುತ್ತಿತ್ತು. ದಿಗಂತದಲ್ಲಿ ಲಂಡನ್ನಿನ ದೀಪಗಳ ಕೆಂಪು ಮಬ್ಬು ಕಾಣುತ್ತಿತ್ತು... ಕಾರಿನಲ್ಲಿ ಹೋದರೆ ಮನೆ ಎಷ್ಟು ಹೊತ್ತಿನ ದಾರಿ! ನಾನು ಇಲ್ಲೇ ಸಾಯುತ್ತೇನೆ, ಅವ್ವನಿಗೆ ಯಾರು ಹೇಳುತ್ತಾರೆ ಎಂದಷ್ಟೇ ತಲೆಯಲ್ಲಿ ತಿರುಗುತ್ತಿತ್ತು.

ಅಕ್ಕ ಮೊದಲು ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ನೀರು ದಂಡೆ ಹತ್ತಿ ನಮ್ಮ ಬೂಟು ಮುಟ್ಟಿದಾಗ ಸ್ತೋತ್ರ ನಿಂತಿತು. ಆಮೇಲೆ ಅವರು ಹೊಳೆಯೊಡನೆ ಮಾತಾಡತೊಡಗಿದರು, ಮನೆಯವರೊಡನೆ ಮಾತಾಡುವಂತೆ.

“ನಾನು ಕರೆದೆ, ನೀನು ಬಂದೆ. ನನ್ನ ತಗೋ. ಮಗೂನ ಮುಟ್ಟಬೇಡ ತಾಯಿ, ಅವಳಿಗೆ ಏನೂ ಗೊತ್ತಿಲ್ಲ.”

ಆ ದನಿ ನನಗೆ ಈಗಲೂ ಕೇಳುತ್ತದೆ. ಎಸ್ಕಲೇಟರಿಗೆ ಹೆದರುವಾಗಿನ ದನಿಯಲ್ಲ ಅದು. ಅದರಲ್ಲಿ ಏರಿಳಿತವೇ ಇರಲಿಲ್ಲ.

ಮಗುವೇ ಮೊದಲು ಕಂಡದ್ದು, ಬೆರಳು ತೋರಿಸಿದಳು. ಹುಲ್ಲುಗಾವಲಿನ ನೀರಿನ ಮೇಲೆ ಹಳದಿಯಾದದ್ದೇನೋ ತೇಲುತ್ತಿತ್ತು. ನಮ್ಮ ಬಾಗಿನ. ಹೊಳೆ ಅದನ್ನು ತಗ್ಗಿನಿಂದ ಒಳಗೆ ಎಳೆದುಕೊಂಡಿತ್ತು, ಗಾಳಿ ದಿಬ್ಬದ ಕಡೆಗೆ ತಳ್ಳುತ್ತಿತ್ತು. ಅಕ್ಕ ಅದನ್ನು ನೋಡಿ ಸಣ್ಣಗೆ ನರಳಿದರು. ಕೊಟ್ಟದ್ದನ್ನು ಹೊಳೆ ತಿರಸ್ಕರಿಸಿತೆಂದುಕೊಂಡರು. ನಾನೂ ಹಾಗೇ ತಿಳಿದೆ. ಅದು ಮಬ್ಬಿನಲ್ಲಿ ಕರಗಿತು, ನಾವು ನೋಡುತ್ತಲೇ ಇದ್ದೆವು.

ಆಚೆ ನಡೆದದ್ದು ನಮಗೆ ಆಮೇಲೆ ತಿಳಿಯಿತು. ದಿಬ್ಬದ ಬುಡದಲ್ಲಿ ಬೆಕ್ಕಿನ ಅಜ್ಜಿ ನೀರು ನೋಡುತ್ತ ನಿಂತಿದ್ದಳಂತೆ. ನಾವು ನಡೆದೇ ಚರ್ಚಿಗೆ ಹೋಗಿದ್ದೇವೆಂದು ಎಲ್ಲರೂ ತಿಳಿದಿದ್ದರು. ಹಳದಿ ಬುಟ್ಟಿಯೊಂದು ಬಂದು ಅವಳ ಕಾಲಬಳಿ ನಿಂತಿತು. ದಾರ ಬಿಚ್ಚಿದರೆ ಹಸಿರು ಬಳೆ, ಪುಟ್ಟ ಕನ್ನಡಿ, ತೆಂಗಿನಕಾಯಿ. ಬೆಳಿಗ್ಗೆ ಅಕ್ಕನ ಕೈಯಲ್ಲಿ ಅದೇ ಬಳೆ ನೋಡಿ ಚಂದವಿದೆ ಎಂದಿದ್ದಳು. ಆ ಹೆಂಗಸರು ಹೊಳೆಯ ಹತ್ತಿರವೇ ಇದ್ದಾರೆ ಎಂದು ಅವಳು ಟ್ರ್ಯಾಕ್ಟರಿನವನ ಮುಂದೆ ಹೋಗಿ ನಿಂತಳಂತೆ.

ಟ್ರ್ಯಾಕ್ಟರಿನ ದೀಪ ನೀರು ಸೀಳಿಕೊಂಡು ಬಂದದ್ದು, ಹೊಲದ ಯಜಮಾನ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಅಕ್ಕ ಕೊಡಲು ಒಪ್ಪದೆ ಬಿಗಿಯಾಗಿ ಅಪ್ಪಿಕೊಂಡದ್ದು... ಅದರಾಚೆಗಿನದು ನನಗೆ ಅಷ್ಟು ನೆನಪಿಲ್ಲ. ಊರಿನ ಎರಡೂ ರಸ್ತೆ ಮುಳುಗಿದ್ದವು. ಚರ್ಚಿನ ಹಾಲ್‌ನಲ್ಲಿ ಸಿಕ್ಕಿಬಿದ್ದ ಕ್ಯಾರವಾನಿನವರೆಲ್ಲ ಕಂಬಳಿ ಹೊದ್ದು ಕೂತಿದ್ದೆವು, ಯಾರೋ ಚಹಾ ಕೊಡುತ್ತಲೇ ಇದ್ದರು. ಬೆಳಗಾದ ಮೇಲೆ ನೋಡಿದರೆ ರಸ್ತೆಯ ನೀರಿನ ಆಚೆ ದಡದಲ್ಲಿ ಭಾವನೂ ನನ್ನ ಗಂಡನೂ ಕಾರಿನ ಪಕ್ಕ ನಿಂತು ಕೈ ಬೀಸುತ್ತಿದ್ದರು. ಅಕ್ಕ ಕೈ ಬೀಸಲಿಲ್ಲ. ಬೀಸಬೇಕಾದರೆ ಮಗಳ ಮಣಿಕಟ್ಟು ಬಿಡಬೇಕಿತ್ತು. ನೀರಿಳಿದು ಮನೆ ಸೇರುವವರೆಗೂ ಅವರು ಅದನ್ನು ಬಿಡಲಿಲ್ಲ.

ಪಿನ್ನರಿಗೆ ಮರಳಿದ ಮೇಲೆ ಕ್ಯಾರವಾನ್ ಗುಜರಿಗೆ ಹೋಯಿತು. ಅಕ್ಕ ಮತ್ತೆಂದೂ ನೀರಿನ ಹತ್ತಿರ ಹೋಗಲಿಲ್ಲ. ಬಾತ್‌ಟಬ್ ತುಂಬುವ ಸದ್ದಿಗೂ ಬೆವರುತ್ತಿದ್ದರು. ಊರಿಗೆ ಹೋದರೂ ಕಾವೇರಿಯ ಕಡೆಯ ಬಾಗಿಲು ತೆರೆಯುತ್ತಿರಲಿಲ್ಲವಂತೆ. ಆ ಬಾಗಿನ ನಮ್ಮನ್ನು ಉಳಿಸಿತಲ್ಲ ಎಂದು ನಾನೊಮ್ಮೆ ಸಮಾಧಾನ ಹೇಳಿದೆ. ಬಾಗಿನ ಕೊಡೋಕೆ ಹೋಗದಿದ್ರೆ ಉಳಿಸೋದೇ ಬೇಕಿರಲಿಲ್ವಲ್ಲೇ ಎಂದರು. ಗೌರಿ ಹಬ್ಬದ ದಿನ ಮಾತ್ರ ನನ್ನ ಮಡಿಲಿಗೆ ಬಾಗಿನ ಇಡುವುದನ್ನು ತಪ್ಪಿಸಲಿಲ್ಲ.

ಹಲವು ವರ್ಷಗಳ ಮೇಲೆ, ಮಗಳು ಯೂನಿವರ್ಸಿಟಿಗೆ ಹೋಗುತ್ತಿದ್ದಾಗ, ಅಕ್ಕನಿಗೆ ಕಾಯಿಲೆ ಬಂತು. ಹೋಗಿಬಿಟ್ಟರು. ಕ್ರೆಮಟೋರಿಯಮ್ಮಿನಿಂದ ಬೂದಿ ತಂದು ದೇವರ ಕೋಣೆಯ ಹೊರಗಿಟ್ಟಿದ್ದರು. ಶ್ರೀರಂಗಪಟ್ಟಣದ ಸಂಗಮದಲ್ಲಿ ಬಿಡುವುದೆಂದು ಭಾವ ಟಿಕೆಟ್ ವಿಚಾರಿಸುತ್ತಿದ್ದರು. ಅದೇ ಪದ್ಧತಿ, ಯಾರೂ ಎರಡನೆಯ ಮಾತು ಆಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಮಗಳು ತಲೆಯೆತ್ತಿದಳು. ಅವಳ ಬಾಯಲ್ಲಿ ಒಂದು ಇಡೀ ಕನ್ನಡದ ವಾಕ್ಯವನ್ನು ನಾನು ಕೇಳಿದ್ದು ಅದೇ ಮೊದಲು.

“ಅಪ್ಪಾ, ಅಮ್ಮನ್ನ ನೀರಿಗೆ ಬಿಡ್ಬೇಡಿ. ಅವಳಿಗೆ ಭಯ ಆಗತ್ತೆ.”

ಭಾವ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಪುರೋಹಿತರಿಗೆ ಏನೋ ಸಬೂಬು ಹೇಳಿ ಅವರು ಹಿತ್ತಿಲಲ್ಲಿ ಗುಂಡಿ ತೋಡಿ ಬೂದಿ ಹೂತರು, ಮಳೆ ಬಂದರೆ ನೀರು ನಿಲ್ಲದ ಎತ್ತರದ ಮೂಲೆ ಹುಡುಕಿ, ಸೇಬಿನ ಗಿಡದ ಬುಡದಲ್ಲಿ.

ಕಳೆದ ತಿಂಗಳು ಈಲಿಂಗ್ ರೋಡಿನಿಂದ ನಾನು ಒಂದು ಜೊತೆ ಮೊರ ತಂದೆ. ಒರೆಸಿ ಒಣಗಿಸಿ ಅರಿಸಿನ ಬಳಿದೆ. ಅಕ್ಕ ಇದ್ದಷ್ಟು ವರ್ಷ ನಾನು ಬರೀ ಪಡೆದವಳು, ಅವರಿಗೆ ಒಮ್ಮೆಯೂ ಕೊಟ್ಟವಳಲ್ಲ. ಹಿರಿಯರು ಕಿರಿಯರಿಗೆ ಕೊಡುವುದು ಎಂದು ಅವರು ಬಿಟ್ಟಿರಲೇ ಇಲ್ಲ. ಗೌರಿ ಹಬ್ಬದ ಬೆಳಿಗ್ಗೆ ಭಾವನನ್ನು ಕೇಳಿ ಹಿತ್ತಿಲಿಗೆ ಹೋಗಿ, ಸೇಬಿನ ಗಿಡದ ಬುಡದಲ್ಲಿ ಬಾಗಿನವಿಟ್ಟೆ. ಅಷ್ಟರಲ್ಲಿ ಮಳೆ ಹನಿಯತೊಡಗಿತು. ಮೊರದ ಮೇಲೆ ಕೊಡೆ ಹಿಡಿದುಕೊಂಡು, ಅದು ನಿಲ್ಲುವವರೆಗೂ ನೆನೆಯುತ್ತ ನಿಂತಿದ್ದೆ.