ಪಾದೆಯ ದಾರಿಗೆ ನಾನು ಕೊಟ್ಟ ಸಾಕ್ಷಿ

ಡೈರಿ ಬರೆಯುವುದು ಕಾಲೇಜು ದಿನಗಳಲ್ಲಿ ಅಂಟಿಕೊಂಡ ಚಟ. ನನ್ನ ನೆನಪಿನ ಮೇಲೆ ನನಗೆ ಭರವಸೆ ಇರಲಿಲ್ಲ, ಅದಕ್ಕೇ ಶುರು ಮಾಡಿದೆ. ಬರೆದಿಟ್ಟದ್ದು ನೆನಪಿಗಿಂತ ಗಟ್ಟಿ ಎಂದು ಬಹಳ ವರ್ಷ ನಂಬಿದ್ದೆ. ಅದೇ ನಂಬಿಕೆಯಲ್ಲಿ ಒಂದು ಅರಣ್ಯ ಕಚೇರಿಗೆ ಡೈರಿಯ ಹನ್ನೊಂದು ಪುಟಗಳ ಪ್ರತಿ ಕೊಟ್ಟೆ. ನನಗೆ ಕಾಡಿನಲ್ಲಿ ನಡೆಯಲು ಕಲಿಸಿದವರು ಆ ಪುಟಗಳ ದೆಸೆಯಿಂದ ಈಗ ಆ ಕಾಡಿಗೆ ಕಾಲಿಡುವ ಹಾಗಿಲ್ಲ.

ಅವರನ್ನು ನಾನು ಅಣ್ಣ ಎನ್ನುತ್ತೇನೆ. ಪ್ರಾಯದಲ್ಲಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಬೆಳ್ತಂಗಡಿಯಿಂದ ಘಟ್ಟದ ಕಡೆಗೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ ಅವರಿಗೆ ಸ್ವಲ್ಪ ರಬ್ಬರ್ ತೋಟ, ಸ್ವಲ್ಪ ಗದ್ದೆ. ಬಂಟ್ವಾಳ ಪೇಟೆಯಲ್ಲಿ ನನ್ನ ತಂದೆಗೆ ರಬ್ಬರ್ ಶೀಟು, ಕರಿಮೆಣಸು ಕೊಳ್ಳುವ ಅಂಗಡಿ ಇತ್ತು. ಅಣ್ಣ ಅಲ್ಲಿಗೆ ಮಾಲು ತರುತ್ತಿದ್ದರು. ಕಾಲೇಜಿಗೆ ರಜೆಯಿದ್ದ ಒಂದು ದಿನ ನಾನು ಗಲ್ಲೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದಾಗ, "ಇವ ಹೊರಗೆ ಬಿಸಿಲು ನೋಡಿದ್ದಾನಾ ಇಲ್ವಾ?" ಎಂದು ತಂದೆಯನ್ನು ಕೇಳಿದ್ದರಂತೆ. ಇದು ನನಗೆ ನೆನಪಿಲ್ಲ, ತಂದೆ ಹೇಳಿದ್ದು. ಮುಂದಿನ ಭಾನುವಾರ ನಾನು ಅವರ ಮನೆಗೆ ಬಸ್ಸಿನಲ್ಲಿ ಹೋದದ್ದು ಮಾತ್ರ ಡೈರಿಯಲ್ಲಿ ಉಂಟು.

ಅವರ ತೋಟದ ಮೇಲಿನ ಗಡಿಗೆ ತಾಗಿಕೊಂಡೇ ರಕ್ಷಿತಾರಣ್ಯ. ಅಲ್ಲಿಂದ ಎರಡು ಗಂಟೆ ಹತ್ತಿದರೆ ಪಾದೆ, ಅಂದರೆ ಬಯಲಿನಷ್ಟು ಅಗಲದ ಒಂದು ಬೋಳು ಕಲ್ಲು. ಅದರ ಅಂಚಿನಲ್ಲಿ ಕೂತರೆ ಪಡುವಣ ದಿಕ್ಕಿಗೆ ಇಡೀ ತಗ್ಗು ಕಾಣುತ್ತದೆ. ದೂರದಲ್ಲಿ ಒಂದು ಕಡೆ ಬೆಳ್ಳಗೆ ಹೊಳೆಯುವುದನ್ನು ತೋರಿಸಿ ಅಣ್ಣ, "ಅದು ನಿಮ್ಮ ಬಂಟ್ವಾಳದ ಹೊಳೆ. ಅಂಗಡಿ ಬಾಗಿಲು ಹಾಕಿದ್ದಾರಾ ನೋಡಿ ಬ್ಯಾರಿಗಳೇ," ಎಂದು, ಕರಾವಳಿಯ ಮುಸ್ಲಿಮರಾದ ನಮ್ಮ ಸಮುದಾಯದ ಹೆಸರು ಹಿಡಿದು ನಗುತ್ತಿದ್ದರು. ಅದು ನೇತ್ರಾವತಿಯೇ ಎಂದು ನನಗೆ ಎಂದೂ ಖಾತ್ರಿಯಾಗಲಿಲ್ಲ. ಯಾವುದೋ ಶೆಡ್ಡಿನ ತಗಡೂ ಇರಬಹುದು ಎನ್ನುತ್ತಿದ್ದೆ. ಮಳೆಗಾಲದಲ್ಲಿ ನಮ್ಮ ಅಂಗಡಿಯ ಮೆಟ್ಟಿಲಿಗೆ ಬಂದು ನಿಲ್ಲುವ ಆ ಕೆಂಪು ನೀರು ಎಲ್ಲಿಂದ ಬರುತ್ತದೆಂದು ನಾನು ಮೊದಲು ಯೋಚಿಸಿದ್ದು ಮಾತ್ರ ಆ ಕಲ್ಲಿನ ಮೇಲೆಯೇ.

ಆಮೇಲೆ ಮೂಡುಬಿದಿರೆಯಲ್ಲಿ ಕೆಲಸ ಸಿಕ್ಕಿ ನಾನು ಉಪನ್ಯಾಸಕನಾದೆ. ಅಣ್ಣ ನನ್ನನ್ನು ಮಾಷ್ಟ್ರೇ ಎಂದು ಕರೆಯತೊಡಗಿದರು. ನಡಿಗೆ ನಿಲ್ಲಲಿಲ್ಲ. ಪ್ರತಿ ವರ್ಷ ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ಅವರ ಫೋನ್ ಬರುತ್ತಿತ್ತು. "ದಾರಿ ಬಿಡಿಸ್ಲಿಕ್ಕುಂಟು, ಬರ್ತೀರಾ?" ಮಳೆಗಾಲದಲ್ಲಿ ಕಾಡು ದಾರಿಯನ್ನು ನುಂಗಿರುತ್ತದೆ. ಅಣ್ಣ ಸೊಂಟಕ್ಕೆ ಕತ್ತಿ ಸಿಕ್ಕಿಸಿ ಮುಂದೆ ಹೋಗಿ, ಮುಳ್ಳು ಸವರಿ, ಬಳ್ಳಿ ಸರಿಸಿ, ಒಬ್ಬ ಮನುಷ್ಯ ನಡೆಯುವಷ್ಟು ಮಾತ್ರ ಜಾಗ ಬಿಡಿಸುತ್ತಿದ್ದರು. ಅವರ ಅಪ್ಪನೂ ಹೀಗೇ ಮಾಡುತ್ತಿದ್ದರಂತೆ. ಯಾರೂ ಹೇಳಿದ್ದಲ್ಲ, ಯಾರಿಗೂ ಅದರಿಂದ ಲಾಭವಿಲ್ಲ. ಊರಿನ ಹೆಂಗಸರು ಬಿಡುವಿದ್ದಾಗ ಮಕ್ಕಳನ್ನು ಕರಕೊಂಡು ಪಾದೆಗೆ ಹೋಗಿ, ಬುತ್ತಿ ಬಿಚ್ಚಿ ಉಂಡು ಬರುತ್ತಿದ್ದರು. ಅಷ್ಟಕ್ಕೆ.

ಕೆಲವು ವರ್ಷಗಳ ಹಿಂದೆ ಆ ಸುತ್ತಿನ ಜಲಪಾತಗಳಿಗೆ ಜನ ನುಗ್ಗತೊಡಗಿದರು. ರಸ್ತೆಯ ಬದಿ ಕಾರುಗಳ ಸಾಲು, ತೋಡುಗಳ ನೀರಿನಲ್ಲಿ ಬಾಟಲಿ, ಒಲೆ ಹಾಕಿದ ಕಲ್ಲು. ನಮ್ಮ ಪಾದೆಯ ವಿಡಿಯೊ ಸಹ ಯಾರೋ ಹಾಕಿದರು. ಮರುವರ್ಷ ಅಣ್ಣನ ತೋಟದ ಗಡಿಯಲ್ಲಿ ಎರಡು ಕಂಬ, ನಡುವೆ ಸರಪಳಿ, ಪಕ್ಕದಲ್ಲಿ ಪ್ರವೇಶ ನಿಷೇಧದ ಬೋರ್ಡು. ಇಲಾಖೆಯನ್ನು ನಾನು ದೂರುವುದಿಲ್ಲ. ನಾನೇ ಆ ಕುರ್ಚಿಯಲ್ಲಿದ್ದರೂ ಮುಚ್ಚಿಯೇನು.

ಆದರೆ ನನಗೆ ಅದನ್ನು ಸಹಿಸಲಾಗಲಿಲ್ಲ. ಕಾಡು ಉಳಿಸಬೇಕೆಂದು ಪ್ರಬಂಧ ಬರೆದು ಬಹುಮಾನ ಪಡೆಯುವ ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಾಡಿನೊಳಗೆ ಒಂದು ಮೈಲಿ ನಡೆದವರಲ್ಲ. ಕಾಣದ್ದನ್ನು ಎಷ್ಟು ದಿನ ಉಳಿಸಿಯಾರು? ಜನರಿಗಾಗಿ ಉಳಿಸಿದ ನೆಲದಲ್ಲಿ ಜನರಿಗೆ, ಹತ್ತು ಮಂದಿಗಾದರೂ, ಹೆಸರು ಬರೆಸಿ, ಕೈಬೀಸಿಕೊಂಡು ನಡೆಯುವ ಅವಕಾಶ ಇರಬೇಕು ಎಂದು ನಾಲ್ಕು ಪುಟದ ಮನವಿ ಬರೆದೆ. ಇದನ್ನು ಈಗಲೂ ನಂಬುತ್ತೇನೆ. ಮನವಿಯ ಹಿಂದೆ ನನ್ನ ಭಾನುವಾರಗಳ ಆಸೆ ಎಷ್ಟು, ವಿದ್ಯಾರ್ಥಿಗಳ ಹಿತ ಎಷ್ಟು ಎಂದು ಕೇಳಿದರೆ ಉತ್ತರ ಗೊತ್ತಿಲ್ಲ.

ಅಣ್ಣನಿಗೆ ಓದಿ ಹೇಳಿದೆ. ಅವರು ಜಗಲಿಯಲ್ಲಿ ಕೂತು ರಬ್ಬರ್ ಹಾಲು ಹಿಡಿಯುವ ಕಪ್ಪುಗಳನ್ನು ಉಜ್ಜುತ್ತಿದ್ದರು.

"ಚಂದ ಬರೆದಿದ್ದೀರಿ. ಆದ್ರೆ ಕೇಳುವುದು ಯಾಕೆ?"

"ಕೇಳದೆ ಹೋದ್ರೆ ತಪ್ಪಲ್ವಾ ಅಣ್ಣ ಈಗ?"

"ಈಗ ತಪ್ಪು. ಎರಡು ವರ್ಷ ಸುಮ್ಮನೆ ಕೂತ್ರೆ ಈ ವಿಡಿಯೊದವರು ಬೇರೆ ಕಡೆ ಹೋಗ್ತಾರೆ. ಸರಪಳಿಗೆ ತುಕ್ಕು ಹಿಡೀತದೆ. ಮತ್ತೆ ನಾವುಂಟು, ಕಾಡುಂಟು."

ಒಳಗಿನಿಂದ ಅವರ ಹೆಂಡತಿ, ನಾನು ಅಕ್ಕ ಎನ್ನುವವರು, "ಕಲಿತವರು ಹೇಳುವಾಗ ಸ್ವಲ್ಪ ಕೇಳಿ. ನಿಮ್ಮದು ಯಾವಾಗ್ಲೂ ತುಕ್ಕು ಹಿಡಿಯುವ ಮಾತೇ," ಎಂದರು. ಅಣ್ಣ ನಕ್ಕು ಮೊದಲ ಸಹಿ ಹಾಕಿದರು. ಇಲ್ಲಿ ನಾನು ಬರೆದಿರುವ ಅಣ್ಣ, ಅಕ್ಕನ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಡೈರಿಗೆ ಬರುವಾಗ ಕನ್ನಡವಾಗುತ್ತವೆ. ಆ ದಾರಿಯಲ್ಲಿ ಏನೇನು ಉದುರಿತೆಂದು ಹೇಳಲಾರೆ.

ವಲಯ ಅರಣ್ಯ ಅಧಿಕಾರಿ ಬಯಲುಸೀಮೆಯ ಕಡೆಯವರು, ಚಿಕ್ಕ ಪ್ರಾಯ, ಬಹಳ ಸಭ್ಯರು. ಮನವಿಯನ್ನು ಪೂರ್ತಿ ಓದಿದರು.

"ನಿಮ್ಮ ಮಾತು ನನಗೆ ಅರ್ಥ ಆಗುತ್ತೆ ಸರ್. ಆದ್ರೆ ಮೇಲಕ್ಕೆ ಕಳಿಸ್ಬೇಕಾದ್ರೆ, ಜನ ಈ ದಾರೀಲಿ ಮೊದಲಿಂದ್ಲೂ ಓಡಾಡ್ತಿದ್ರು ಅನ್ನೋದಕ್ಕೆ ಬರವಣಿಗೆಯಲ್ಲಿ ಏನಾದ್ರೂ ಬೇಕು. ಹಳೇದು. ಇದೆಯಾ?"

ಆ ಕ್ಷಣದ ಹೆಮ್ಮೆಯನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಇಷ್ಟು ವರ್ಷ ಯಾರೂ ಕೇಳದಿದ್ದ ನನ್ನ ಡೈರಿಯನ್ನು ಸರಕಾರ ಕೇಳುತ್ತಿತ್ತು. ಮೂಡುಬಿದಿರೆಗೆ ಬಂದವನೇ ಪುಟಗಳನ್ನು ಆರಿಸಿ ಝೆರಾಕ್ಸ್ ಮಾಡಿಸಿದೆ. ಎದ್ದು ಕಾಣಲೆಂದು ಮುಖ್ಯ ಸಾಲುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಒಂದು ಪುಟದಲ್ಲಿ ಹೀಗಿತ್ತು: 'ಅಣ್ಣನ ಜೊತೆ ಪಾದೆಗೆ. ಕತ್ತಿ ಹಿಡಿದು ಅವರು ಮುಂದೆ. ಮೊದಲ ತೋಡಿನವರೆಗೆ ಮುಳ್ಳು ಸವರಿದರು. ಅಡ್ಡವಿದ್ದ ಎರಡು ಸಣ್ಣ ಮರ ಕಡಿದರು. ದಾರಿ ಈಗ ಸಲೀಸು.' ಅದರ ಅಡಿಗೂ ನಾನೇ ಗೆರೆ ಎಳೆದಿದ್ದೆ. ದಾರಿಯನ್ನು ಒಬ್ಬರು ವರ್ಷ ವರ್ಷ ನೋಡಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವುದು ಎಂದುಕೊಂಡು.

ತಿಂಗಳ ಮೇಲೆ ಅಕ್ಕನ ಫೋನ್ ಬಂತು. ಗಾರ್ಡು ಬಂದು ನೋಟೀಸು ಕೊಟ್ಟು ಹೋಗಿದ್ದ. ರಕ್ಷಿತಾರಣ್ಯದಲ್ಲಿ ಮರ ಕಡಿದ ಬಗ್ಗೆ ವಿವರಣೆ ಕೊಡಬೇಕು. ನಾನು ಓಡಿಹೋಗುವಷ್ಟರಲ್ಲಿ ಅಣ್ಣ ಒಬ್ಬರೇ ಕಚೇರಿಗೆ ಹೋಗಿ ಬಂದಾಗಿತ್ತು. ಹಳೆಯ ಸಂಗತಿ, ಪ್ರಾಯವಾದವರು ಎಂದು ಅಧಿಕಾರಿ ಮೊಕದ್ದಮೆ ಹೂಡಿರಲಿಲ್ಲ. ಇನ್ನು ಮುಂದೆ ಆ ಅರಣ್ಯವನ್ನು ಪ್ರವೇಶಿಸುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿದ್ದರು. "ಒಳ್ಳೆ ಜನ. ಚಾ ತರಿಸಿದ್ರು," ಎಂದರು ಅಣ್ಣ. ಊಟ ಬಡಿಸುವಾಗ ಅಕ್ಕ ನನ್ನ ಮುಖ ನೋಡಲಿಲ್ಲ. ಅಥವಾ ಹಾಗೆ ಅನಿಸಿದ್ದು ನನ್ನ ಅಳುಕಿನಿಂದಲೋ ಏನೋ.

ವರ್ಷ ಕಳೆದು ಮನವಿಗೆ ಒಪ್ಪಿಗೆ ಬಂತು. ಮಳೆಗಾಲ ಬಿಟ್ಟು ಉಳಿದ ಭಾನುವಾರಗಳಲ್ಲಿ, ಇಲಾಖೆಯ ಮಾರ್ಗದರ್ಶಿಯೊಂದಿಗೆ, ಹೆಸರು ನೋಂದಾಯಿಸಿದ ಹತ್ತು ಜನ. ಗಿಡ ಮರಗಳನ್ನು ಕಡಿಯುವಂತಿಲ್ಲ, ಸವರುವಂತಿಲ್ಲ. ಆದೇಶದಲ್ಲಿ ಆಧಾರ ಎಂದು ನಮೂದಾಗಿದ್ದದ್ದು ನನ್ನ ಡೈರಿಯ ಪುಟಗಳು ಮಾತ್ರ. ನೋಂದಣಿಯ ಅರ್ಜಿಯಲ್ಲಿ ಒಂದು ಕಲಂ ಇತ್ತು: ಅರಣ್ಯಕ್ಕೆ ಸಂಬಂಧಿಸಿ ಅರ್ಜಿದಾರರ ಮೇಲೆ ಮೊಕದ್ದಮೆ ಅಥವಾ ಮುಚ್ಚಳಿಕೆ ಇದೆಯೇ?

ಸರಪಳಿ ದಾಟಿದರೆ ಕೇಳುವವರು ಯಾರೂ ಇರಲಿಲ್ಲ. ಊರಿನ ಎಷ್ಟೋ ಮಂದಿ ದಾಟುತ್ತಿದ್ದರು. ಅಣ್ಣ ದಾಟಲಿಲ್ಲ. ಬರೆದುಕೊಟ್ಟದ್ದು ಬರೆದುಕೊಟ್ಟದ್ದೇ ಎಂಬ ಸ್ವಭಾವ ಅವರದು. ಮೊದಲ ಭಾನುವಾರ ನನ್ನ ಐದಾರು ವಿದ್ಯಾರ್ಥಿಗಳೊಡನೆ ನಾನು ಪಾದೆಗೆ ಹೋಗಿ ಬಂದೆ. ಬೇಸಿಗೆಯಾದ್ದರಿಂದ ಹಳೆಯ ಜಾಡು ಅಲ್ಲಲ್ಲಿ ಕಾಣುತ್ತಿತ್ತು. ಇಳಿದು ಬಂದಾಗ ಅಣ್ಣ ಜಗಲಿಯಲ್ಲಿದ್ದರು.

"ಮಂಜುಂಟಾ ಮೇಲೆ?"

"ಇಲ್ಲ ಅಣ್ಣ. ಹೊಳೆ ಕಂಡಿತು."

"ತಗಡು ಅಲ್ವಾ?" ಎಂದು ನಕ್ಕರು. ಆಮೇಲೆ ತೋಟ ನೋಡುತ್ತಾ, "ಆ ಎರಡು ಮರ ಮಾಷ್ಟ್ರೇ, ನಾನು ಕಡಿದದ್ದಲ್ಲ. ಆ ವರ್ಷದ ಗಾಳಿಗೆ ಬಿದ್ದದ್ದು. ನಾವಿಬ್ಬರೂ ಎಳೆದು ಬದಿಗೆ ಹಾಕಿದ್ದು. ನಿಮ್ಮ ಕೈಗೆ ತೊಗಟೆ ತಾಗಿ ಗೀರಿತ್ತು," ಎಂದರು.

ನನಗೆ ಏನೂ ನೆನಪಾಗಲಿಲ್ಲ. "ಅದನ್ನು ಅಲ್ಲಿ ಹೇಳಲಿಲ್ವಾ ಅಣ್ಣ?"

"ಹೇಗೆ ಹೇಳುವುದು? ಕಾಗದ ಮೇಜಿನ ಮೇಲೆ ಉಂಟು, ನಿಮ್ಮ ಅಕ್ಷರ, ಅಡಿಗೆ ಗೆರೆ ಬೇರೆ. ಇಲ್ಲ ಅಂದ್ರೆ ಮಾಷ್ಟ್ರು ಸರಕಾರಕ್ಕೆ ಸುಳ್ಳು ಕೊಟ್ಟ ಹಾಗೆ ಆಗ್ತದೆ. ನಿಮಗೆ ಕಾಲೇಜುಂಟು, ಕೆಲಸ ಉಂಟು. ನನಗೆ ಏನುಂಟು, ನಡೆಯುವುದು."

ಮನೆಗೆ ಬಂದು ಮೂಲ ಡೈರಿ ತೆಗೆದೆ. ಆ ಪುಟದ ತಾರೀಕು ಬುಧವಾರದ್ದು. ನಡೆದದ್ದು ಭಾನುವಾರ. ಮೂರು ದಿನ ಬಿಟ್ಟು, ಬಹುಶಃ ಉತ್ತರಪತ್ರಿಕೆಗಳ ನಡುವೆ, ಬರೆದದ್ದು. ಮರ ಬಿದ್ದಿತ್ತು, ಕೈಯಲ್ಲಿ ಕತ್ತಿ ಇತ್ತು, ದಾರಿ ಸಲೀಸಾಯಿತು. ನಡುವಿನದ್ದನ್ನು ನನ್ನ ಪೆನ್ನು ತಾನೇ ತುಂಬಿಸಿಕೊಂಡಿರಬೇಕು. ಅಥವಾ ಅಣ್ಣನೇ ಮರೆತಿರಬಹುದೇ? ಈ ಪ್ರಶ್ನೆ ನನ್ನೊಳಗೆ ಎದ್ದದ್ದಕ್ಕೆ ನಾಚಿಕೆಯಾಯಿತು. ಎದ್ದದ್ದು ನಿಜ.

ನನ್ನ ಬರಹದ ಆ ಸಾಲು ತಪ್ಪು, ಆದ್ದರಿಂದ ಮುಚ್ಚಳಿಕೆ ರದ್ದು ಮಾಡಬೇಕು ಎಂದು ಪತ್ರ ಬರೆದು ಅದೇ ಅಧಿಕಾರಿಯ ಬಳಿಗೆ ಹೋದೆ. ಅವರು ಓದಿ, ಪತ್ರವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು.

"ತಗೊಳ್ತೀನಿ ಸರ್, ಬೇಡ ಅನ್ನಲ್ಲ. ಆದ್ರೆ ಯೋಚನೆ ಮಾಡಿ. ಒಂದು ಸಾಲು ತಪ್ಪು ಅಂತ ನೀವೇ ಬರ್ಕೊಟ್ರೆ, ಉಳಿದ ಸಾಲುಗಳನ್ನ ಯಾವ ಆಧಾರದ ಮೇಲೆ ನಂಬೋದು? ದಾರಿ ತೆರೆದಿರೋದೇ ಆ ಪುಟಗಳ ಮೇಲೆ. ದಾರಿ ಬೇಡ ಅಂತ ಬರೆಯೋರೂ ಇದ್ದಾರೆ, ನಿಮಗೆ ಗೊತ್ತು."

ಪತ್ರವನ್ನು ಹಿಡಿದುಕೊಂಡು ಅಣ್ಣನ ಮನೆಗೆ ಹೋದೆ. ಅವರು ಅದನ್ನು ಮುಟ್ಟಲೂ ಇಲ್ಲ. "ಮಕ್ಕಳು ಬರ್ತಾರೆ ಭಾನುವಾರ. ತೋಟದಲ್ಲಿ ಮಾತಾಡಿಕೊಂಡು ಹೋಗುವುದು ಕೇಳ್ತದೆ. ನನ್ನೊಬ್ಬನಿಗೋಸ್ಕರ ಅದನ್ನು ಮುಚ್ಚಿಸುವುದಾ? ಮಡಚಿ ಇಡಿ ಅದನ್ನು." ಅಕ್ಕ ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದವರು, "ನೀವು ಏನು ಬೇಕಾದ್ರೂ ಮಾಡಿ ಮಾಷ್ಟ್ರೇ, ಇನ್ನು ಬರೆಯುವುದು ಬೇಡ," ಎಂದು ಒಳಗೆ ಹೋದರು.

ನಾನು ಪತ್ರ ಕೊಡಲಿಲ್ಲ. ಅಣ್ಣನ ಮಾತಿಗೆ ಗೌರವ ಕೊಟ್ಟೆ ಎಂದು ಹೇಳಿಕೊಳ್ಳಬಹುದು. ನನ್ನ ದಾರಿಯನ್ನು ನಾನು ಉಳಿಸಿಕೊಂಡೆ ಎಂದೂ ಹೇಳಬಹುದು. ಎರಡನ್ನೂ ಬರೆದು ನೋಡಿದ್ದೇನೆ. ಎರಡೂ ನನ್ನ ಅಕ್ಷರದಲ್ಲಿ ಒಂದೇ ಥರ ಕಾಣುತ್ತವೆ.

ಈ ಸಲದ ಮಳೆ ಜೋರಿತ್ತು. ದೀಪಾವಳಿ ಕಳೆದು ಮೊದಲ ಭಾನುವಾರ ಒಂಬತ್ತು ವಿದ್ಯಾರ್ಥಿಗಳೊಡನೆ ಹೋದೆ. ಮಾರ್ಗದರ್ಶಿ ಹೊಸಬ, ಕಲ್ಲಡ್ಕದ ಕಡೆಯವನು. ಮೊದಲ ತೋಡು ದಾಟುವುದರೊಳಗೆ ದಾರಿ ಕಾಣೆಯಾಯಿತು. ಎದುರಿಗೆ ಎದೆಯೆತ್ತರದ ಮುಳ್ಳು. ಸವರುವಂತಿಲ್ಲ. ಅವನು ನಮ್ಮನ್ನು ಅಲ್ಲೇ ನಿಲ್ಲಿಸಿ, ಅಣ್ಣನಲ್ಲಿ ದಾರಿ ಕೇಳಲು ಕೆಳಗಿಳಿದ. ನಾನೂ ಹಿಂದೆ ಹೋದೆ. ಅಣ್ಣ ಸರಪಳಿಯವರೆಗೆ ಬಂದರು. ಸರಪಳಿಯ ಈಚೆ ನಿಂತು, ಕೈಯನ್ನು ಮಾತ್ರ ಆಚೆ ಚಾಚಿ ವಿವರಿಸಿದರು. ಎಡಕ್ಕೆ ದೊಡ್ಡ ಹುತ್ತ, ಅದರ ಹಿಂದಿನಿಂದ ಬಳಸಬೇಕು, ಆಮೇಲೆ ನೀರಿನ ಸದ್ದು ಬಲಗಿವಿಗೆ ಬರಬೇಕು. ಹುಡುಗ ತಲೆಯಾಡಿಸಿದ. ಅವನಿಗೆ ತಿಳಿಯಲಿಲ್ಲವೆಂದು ಅಣ್ಣನಿಗೂ ಗೊತ್ತಾಯಿತು.

"ಮಾಷ್ಟ್ರಿಗೆ ಗೊತ್ತುಂಟು. ಎಷ್ಟು ವರ್ಷ ನಡೆದಿದ್ದಾರೆ," ಎಂದರು.

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷವೂ ನಾನು ನೋಡಿಕೊಂಡು ಹತ್ತಿದ್ದು ಮುಂದಿದ್ದ ಅವರ ಹಿಮ್ಮಡಿಗಳನ್ನು. ಹುತ್ತ ಸಿಕ್ಕಿತು, ಅದರ ಹಿಂದೆ ಎರಡು ಕಡೆ ದಾರಿಯಂಥದ್ದು ಕಂಡಿತು. ಒಂದರಲ್ಲಿ ಹೋಗಿ ತಿರುಗಿದೆವು, ಇನ್ನೊಂದರಲ್ಲಿ ಒಬ್ಬಳು ವಿದ್ಯಾರ್ಥಿನಿಯ ತೋಳು ಮುಳ್ಳಿಗೆ ಹರಿಯಿತು. ಮಧ್ಯಾಹ್ನಕ್ಕೆ ಮುಂಚೆಯೇ ಪಾದೆ ಕಾಣದೆ ಇಳಿದೆವು.

ಅಕ್ಕ ಆ ಹುಡುಗಿಯ ತೋಳಿಗೆ ಅರಿಶಿನ ಹಚ್ಚಿದರು. ಎಲ್ಲರಿಗೂ ಮಜ್ಜಿಗೆ ಕೊಟ್ಟರು. ಅಣ್ಣ ಒಬ್ಬೊಬ್ಬರನ್ನೇ ಯಾವ ಊರು, ಯಾರ ಮನೆ ಎಂದು ವಿಚಾರಿಸಿದರು. ಮೇಲೆ ಮಂಜಿತ್ತೇ, ಹೊಳೆ ಕಂಡಿತೇ ಎಂದು ಈ ಸಲ ನನ್ನನ್ನು ಕೇಳಲಿಲ್ಲ.