ಮಿಷನ್ನಿನೊಳಗೆ ಹೋದ ತಲೆ

ಸಿರುಗುಪ್ಪದ ರೈಸ್ ಮಿಲ್ಲಿನ ಕೆಲಸಗಾರರ ತರಬೇತಿಗೆಂದು ನಮ್ಮ ಸಾಫ್ಟ್‌ವೇರ್ ಕಂಪನಿಯವರು ಒಂದು ವಿಆರ್ ಮಿಲ್ಲು, ಅಂದರೆ ಕಂಪ್ಯೂಟರಿನಲ್ಲೇ ಓಡುವ ಮಿಲ್ಲು, ಮಾಡಿದ್ದೆವು. ಹೆಡ್‌ಸೆಟ್ ಹಾಕಿಕೊಂಡರೆ ಮಿಷನ್ನು ಕಣ್ಣೆದುರೇ ನಿಲ್ಲುತ್ತದೆ. ತಪ್ಪು ಹುಡುಕಲೆಂದೇ ಇಟ್ಟಿದ್ದ ನಮ್ಮ ಎಐ ವಾರಗಟ್ಟಲೆ ಅದರ ಒಂದೊಂದು ಗುಂಡಿಯನ್ನೂ ಒತ್ತಿ ನೋಡಿ, ಒಂದೂ ತಪ್ಪಿಲ್ಲ ಎಂದಿತ್ತು. ನಾನು ಎದೆಯುಬ್ಬಿಸಿಕೊಂಡೇ ಮಾಲೀಕರ ಮುಂದೆ ನಿಂತೆ.

ಮೊದಲು ಹಾಕಿಕೊಂಡವರು ಮಿಲ್ಲಿನ ಹಿರಿಯ ಆಪರೇಟರ್ ಈರಣ್ಣ. ಚಪ್ಪಲಿ ಬಿಟ್ಟರು, ಕೈ ಮುಗಿದರು, ಬಗ್ಗಿ ಮಿಷನ್ನಿಗೆ ಹಣೆ ಹಚ್ಚಲು ಹೋದರು. ಇಲ್ಲದ ಮಿಷನ್ನಿನೊಳಗೆ ತಲೆ ಸೀದಾ ತೂರಿತು. ಹೆಡ್‌ಸೆಟ್‌ನಲ್ಲಿ ಎಲ್ಲ ಕಪ್ಪಾಯಿತು.

"ಕರೆಂಟ್ ಹೋತಲ್ರೀ ಸರ!"

"ಸ್ವಿಚ್ ಒತ್ತೋದು ಬಿಟ್ಟು ಹಣಿ ಯಾಕ ಹಚ್ಚಿದ್ರಿ ಈರಣ್ಣ?" ಎಂದು ಕೇಳಿದೆ.

"ಕೈ ಮುಗೀಲಾರ್ದ ಯಾರರ ಮಿಷನ್ ಚಾಲೂ ಮಾಡ್ತಾರೇನ್ರಿ?"

ಎಐಗೆ ಸಿಗದ ತಪ್ಪು ಸಿಕ್ಕಿತ್ತು! ಮಾಲೀಕರಿದ್ದಾರೆಂಬುದನ್ನೂ ಮರೆತು ಕುಣಿದುಬಿಟ್ಟೆ.

ಈಗ ನಮ್ಮ ಎಐ ಪ್ರತಿ ಪರೀಕ್ಷೆಗೂ ಮುಂಚೆ ಮಿಷನ್ನಿಗೆ ಹಣೆ ಹಚ್ಚುತ್ತದೆ. ಚಪ್ಪಲಿ ಬಿಡುವುದನ್ನೂ ಕಲಿಸುತ್ತಿದ್ದೆ, ಆದರೆ ಅದಕ್ಕೆ ಕಾಲೇ ಇಲ್ಲ.