ಉಬ್ಬರದ ಹೊತ್ತಿನ ಲೆಕ್ಕ

ಪರಿಸರ ಇಲಾಖೆಯ ಆಫೀಸಿನಲ್ಲಿ ಎಲ್ಲರೂ ಅವಳನ್ನು ಕೆಸರಕ್ಕ ಎನ್ನುತ್ತಿದ್ದರು. ಕಾರ್ಖಾನೆಗಳ ಸಾಲಿನ ಹಿಂದಿರುವ ಅಳಿವೆಯಿಂದ ಕೆಸರು ತಂದು, ಜರಡಿ ಹಿಡಿದು, ಅದರಲ್ಲಿ ಜೀವಂತ ಕಪ್ಪೆಚಿಪ್ಪು ಎಷ್ಟಿವೆ ಎಂದು ಎಣಿಸಿ ಬರೆಯುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷದಲ್ಲಿ ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಿರಲಿಲ್ಲ. ಆದರೆ ಈ ಸಾಹೇಬರು ಬಂದ ಮೇಲೆ, ಹನ್ನೊಂದು ವರ್ಷದಿಂದ, ಎಣಿಸಲು ಒಂದು ಚಿಪ್ಪೂ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಲೆಕ್ಕಕ್ಕೆ ಸಹಿ ಹಾಕುವ ಸಾಹೇಬರು ಸ್ಥಳದಲ್ಲಿರಬೇಕು. ಆದರೆ ಅವರು ಕೆಸರಿಗೆ ಇಳಿಯುವವರಲ್ಲ, ಬೂಟು ಹಾಳಾಗುತ್ತದೆ. ಹಾಗಾಗಿ ದೋಣಿ ಬೇಕು. ದೋಣಿ ತೇಲಲು ಉಬ್ಬರ ಬೇಕು. ಅಷ್ಟು ನೀರಿನ ಮೇಲಿಂದ ಹಗ್ಗ ಕಟ್ಟಿ ಇಳಿಬಿಟ್ಟ ಡಬ್ಬಿ ಮೇಲಿನ ನಾಲ್ಕು ಬೆರಳು ಕೆಸರನ್ನಷ್ಟೇ ಬಾಚಿಕೊಂಡು ಬರುತ್ತದೆ. ಚಿಪ್ಪು ಇರುವುದು ಗೇಣು ಆಳದಲ್ಲಿ. ಇದನ್ನು ಅವಳು ಮೊದಲ ವರ್ಷವೇ ಹೇಳಿದ್ದಳು. "ಪದ್ಧತಿ ಅಂದ್ರೆ ಪದ್ಧತಿ ಅಲ್ವೇನಮ್ಮ," ಎಂದಿದ್ದರು ಸಾಹೇಬರು. ಎರಡನೇ ವರ್ಷವೂ ಹೇಳಿದಳು. ಆಮೇಲೆ, ಬಾಯಿ ಯಾಕೆ ನೋಯಿಸಿಕೊಳ್ಳಬೇಕೆಂದು ಸುಮ್ಮನೆ ಸೊನ್ನೆ ಬರೆಯತೊಡಗಿದಳು.

ಈ ವರ್ಷ ಆ ಸೊನ್ನೆಗೆ ಕೆಲಸ ಬಂತು. ಹೊಸ ಕಾರ್ಖಾನೆಯ ಬಿಸಿನೀರಿನ ಪೈಪನ್ನು ಅಳಿವೆಗೆ ಬಿಡಬೇಕಂತೆ. ಅಪಾಯದ ಅಂದಾಜು ವರದಿ ಶುಕ್ರವಾರ ಹೋಗಬೇಕಂತೆ. ಜೀವವೇ ಇಲ್ಲದ ಕೆಸರಿಗೆ ಅಪಾಯ ಎಲ್ಲಿಂದ ಬರಬೇಕು! ಅವಳ ನಾದಿನಿ ಅದೇ ಕೆಸರಿನಲ್ಲಿ ಚಿಪ್ಪು ಹೆಕ್ಕಿ ಮೂರು ಮಕ್ಕಳನ್ನು ಸಾಕಿದವಳು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಒಂದು ಬುಟ್ಟಿ ಚಿಪ್ಪು ತಂದು ಆಫೀಸಿನ ಮೇಜಿನ ಮೇಲೆ ಸುರಿದಳು.

"ಇದೇನು ಸಾಹೇಬ್ರೇ, ಸೊನ್ನೇನಾ? ಎಣಿಸಿ ನೋಡೋಣ."

ಸಾಹೇಬರು ಫೈಲು ಒದ್ದೆಯಾಗದಂತೆ ಎತ್ತಿ ಹಿಡಿದರು. "ಮೇಜಿನ ಮೇಲಿರೋದು ಲೆಕ್ಕಕ್ಕೆ ಬರಲ್ಲಮ್ಮ. ಸ್ಥಳದಲ್ಲೇ ಸಿಗಬೇಕು, ನಾನು ನೋಡಬೇಕು."

"ಹಾಗಾದ್ರೆ ಬಂದು ನೋಡಿ ಸರ್. ಎರಡು ಗಂಟೆಗೆ ಇಳಿತ," ಎಂದಳು ಕೆಸರಕ್ಕ. ಅವಳಿಗೆ ತಲೆ ಕೆಟ್ಟುಹೋಗಿತ್ತು.

ಸಾಹೇಬರು ಗೊಣಗುತ್ತಲೇ ಬಂದರು. ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಮೊಣಕಾಲುದ್ದ ಹೂತುಹೋದರು. "ಅಯ್ಯೋ, ಹಿಡ್ಕೊಳ್ರೀ!" ಎಂದು ಬೊಬ್ಬೆ ಹೊಡೆದರು. ನಾದಿನಿ ಅವರ ತೋಳು ಹಿಡಿದು ನಿಂತಳು. ಕೆಸರಕ್ಕ ಅಲ್ಲೇ ಪಕ್ಕದಲ್ಲಿ ಅಳತೆಯ ಮರದ ಚೌಕಟ್ಟು ಊರಿ, ಗೇಣು ಆಳ ಅಗೆದು, ಜರಡಿ ಹಿಡಿದು, ಅವರಿಗೆ ಕೇಳುವಂತೆ ಎಣಿಸಿದಳು. ನಲವತ್ತಮೂರು. ಇನ್ನೊಂದು ಕಡೆ ಮೂವತ್ತೆಂಟು. ಸಾಹೇಬರು ಎಲ್ಲವನ್ನೂ ಕಣ್ಣಾರೆ ನೋಡಿದರು. ನೋಡದೆ ಎಲ್ಲಿಗೆ ಹೋಗುತ್ತಾರೆ?

ದಡಕ್ಕೆ ಬಂದು ಕಾಲು ತೊಳೆದು, ಲೆಕ್ಕದ ಹಾಳೆ ಕೈಗೆತ್ತಿಕೊಂಡ ಮೇಲೆ ಅವರ ದನಿ ತಗ್ಗಿತು. "ಇದನ್ನ ಬರೀಬಹುದು. ಆದ್ರೆ ಹನ್ನೊಂದು ವರ್ಷ ಸೊನ್ನೆ, ಇವತ್ತು ನಲವತ್ಮೂರು ಹೇಗೆ ಅಂತ ಮೇಲಿನವರು ಕೇಳ್ತಾರೆ. ಒಂದೋ ಇವತ್ತಿಂದು ತಪ್ಪು, ಇಲ್ಲಾ ಹಳೇದು ತಪ್ಪು. ಹಳೇದೆಲ್ಲ ನಿಮ್ಮ ಕೈಬರಹ. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ವಿಚಾರಣೆ ಅಂತ ಬಂದ್ರೆ ಪಿಂಚಣಿಗೂ ಕಲ್ಲು ಬೀಳುತ್ತೆ, ಯೋಚನೆ ಮಾಡಿ."

ನಾದಿನಿ ಅವಳತ್ತ ತಿರುಗಿದಳು. "ಸೊನ್ನೆ ಬರೆದದ್ದು ನೀವಾ ಅತ್ತಿಗೆ?"

ಪದ್ಧತಿ, ದೋಣಿ, ಬೂಟು ಎಲ್ಲವೂ ಕೆಸರಕ್ಕನ ನಾಲಿಗೆಯ ತುದಿಗೆ ಬಂದವು. ಒಂದೂ ಸುಳ್ಳಲ್ಲ. ಆದರೂ ಅವಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಸಾಹೇಬರನ್ನು ಬೈದುಕೊಂಡೇ ಬಂದವಳಿಗೆ ಈಗ ತನ್ನ ಮೇಲೆಯೇ ಸಿಟ್ಟು ಉಕ್ಕಿತು.

"ಹೂಂ, ನಾನೇ," ಎಂದಳು. ಸಾಹೇಬರ ಕೈಯಿಂದ ಹಾಳೆ ಕಿತ್ತುಕೊಂಡು, ತೊಡೆಯ ಮೇಲಿಟ್ಟು ಇವತ್ತಿನ ಎರಡೂ ಲೆಕ್ಕ ಬರೆದು, ಕೆಳಗೆ ಸೇರಿಸಿದಳು: 'ಹಿಂದಿನ ಹನ್ನೊಂದು ವರ್ಷದ ಲೆಕ್ಕಗಳು ತಪ್ಪು. ಉಬ್ಬರದಲ್ಲಿ ತೆಗೆದವು. ಚಿಪ್ಪು ಇದೆಯೆಂದು ಗೊತ್ತಿದ್ದೂ ನಾನೇ ಸೊನ್ನೆ ಬರೆದೆ.' ಸಹಿ ಹಾಕಿ, ಪೆನ್ನನ್ನು ಅವರತ್ತ ಚಾಚಿದಳು.

ಸಾಹೇಬರು ಪೆನ್ನು ಹಿಡಿದು, ಹಾಳೆಯತ್ತ ಬಗ್ಗಿ ಅವಳು ಬರೆದದ್ದನ್ನು ಮತ್ತೆ ಓದಿದರು.

"ಹನ್ನೊಂದು ವರ್ಷವೂ ಕೆಸರು ನೋಡದೇ ಸಹಿ ಹಾಕಿದೀರಿ ಸರ್," ಎಂದಳು. "ಇದೊಂದಕ್ಕೆ ನೋಡಿ ಹಾಕಿ."